ಐರ್ಲಂಡದ ಗಡಿಯೂ ಸಮ್ಮತಿಯ ಸೂತ್ರವೂ

(ವಾಚನಾಲಯದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಭಾಷಣ)



ಹರಿದು ಹಂಚಿಹೋದ ನಾಡುಗಳ ಚರಿತ್ರೆಯಲ್ಲಿ ಕನ್ನಡಿಗರಿಗೆ ಸಹಜವಾಗಿಯೇ ಆಸ್ಥೆಯು ಹೆಚ್ಚು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿ ಚದುರಿದ್ದ ನಾಡು ೧೯೫೬ನೆಯ ನವೆಂಬರ ೧ರಂದು ಒಂದಾಯಿತು. ಐರ್ಲಂಡವಾದರೋ ನಮಗೆ ತೀರ ಅಪರಿಚಿತ ದೇಶವಲ್ಲ. ‘ಹೋಂರೂಲ್’ ಎಂಬ ಮಾತನ್ನೇ ಭರತಖಂಡವು ೧೯೧೬ರಲ್ಲಿ ಐರಿಷ್ ಜನರಿಂದ ಕಡತಂದಿತು. ನಮ್ಮ ರಾಜ್ಯಘಟನೆಯ ನಿರ್ದೇಶಕ ತತ್ವಗಳಿಗೆ ಮಾದರಿಯಾದುದು ೧೯೩೭ರ ಐರಿಷ್ ರಾಜ್ಯಘಟನೆ. ೧೯೨೪ರಲ್ಲಿ ಮೈಸೂರಿನಲ್ಲಿ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಬಂದ ತರುಣ ಕುವೆಂಪು ಅವರಿಗೆ, ತಾಯ್ನುಡಿಯಲ್ಲಿ ಬರೆಯಬೇಕೆಂದು ಹಿತೋಪದೇಶ ಮಾಡಿದ ಕವಿ ಜೇಮ್ಸ್ ಕಝಿನ್ಸರು ಹುಟ್ಟಿದ್ದು ಬೆಲ್ಫಾಸ್ಟ ಪಟ್ಟಣದಲ್ಲಿ. ಅದೇ ಬೆಲ್ಫಾಸ್ಟಿಗೂ ಡಬ್ಲಿನ್ನಿಗೂ ನಡುವೆ ಬಿದ್ದ ಗಡಿಯ ಕಥೆಯನ್ನು ಇಂದು ತಮ್ಮ ಮುಂದೆ ಇಡಲು ನಾವು ನಿಂತಿದ್ದೇವೆ.

ಆ ದ್ವೀಪದಲ್ಲಿ ಕೌಂಟಿಗಳೆಂದು ಕರೆಯಲ್ಪಡುವ ಜಿಲ್ಲೆಗಳು ೩೨. ಅವುಗಳಲ್ಲಿ ೨೬ ಸೇರಿ ಸ್ವತಂತ್ರ ಗಣರಾಜ್ಯವಾಗಿವೆ. ಉಳಿದ ೬ ‘ಉತ್ತರ ಐರ್ಲಂಡ’ವೆಂಬ ಹೆಸರಿನಿಂದ ಬ್ರಿಟಿಷ್ ಸಂಯುಕ್ತ ರಾಜ್ಯದಲ್ಲಿವೆ. ನಡುವಿನ ಗಡಿಯ ಉದ್ದವು ಸುಮಾರು ೫೦೦ ಕಿಲೊಮೀಟರು. ಇಷ್ಟು ಚಿಕ್ಕ ದ್ವೀಪಕ್ಕೆ ಇಷ್ಟು ದೊಡ್ಡ ಗಡಿಯು ಯಾಕೆ ಬಂದಿತು, ಅದನ್ನು ಅಳಿಸಲು ಹೋದವರು ಯಾಕೆ ಸೋತರು, ಅಳಿಸದೆಯೇ ಅದರ ಮೊನಚನ್ನು ಮುರಿದವರು ಏನು ಮಾಡಿದರು, ಈ ಮೂರು ಪ್ರಶ್ನೆಗಳೇ ಇಂದಿನ ವಿಷಯವು.

ಗಡಿಯು ಹುಟ್ಟಿದ್ದು ಬ್ರಿಟಿಷ್ ಪಾರ್ಲಿಮೆಂಟು ೧೯೨೦ರಲ್ಲಿ ಮಾಡಿದ ಐರ್ಲಂಡ ಸರಕಾರದ ಕಾಯದೆಯಿಂದ. ಉತ್ತರದ ಅಲ್ಸ್ಟರ ಪ್ರಾಂತದಲ್ಲಿ ೯ ಕೌಂಟಿಗಳಿದ್ದವು. ಬ್ರಿಟನ್ನಿನ ಸಂಬಂಧವೇ ಬೇಕೆನ್ನುವ ಯೂನಿಯನಿಸ್ಟರು, ಹೆಚ್ಚಾಗಿ ಪ್ರೊಟೆಸ್ಟಂಟ ಮತದವರು, ಆ ೯ರಲ್ಲಿ ನೆಚ್ಚಿಕೊಳ್ಳತಕ್ಕ ಬಹುಮತವುಳ್ಳವರಾಗಿರಲಿಲ್ಲ. ಆದುದರಿಂದ ಡೊನೆಗಾಲ, ಕ್ಯಾವನ್, ಮೊನಾಘನ್ ಎಂಬ ಮೂರು ಕೌಂಟಿಗಳನ್ನು ಹೊರಗಿಟ್ಟು, ತಮಗೆ ಮೂರರಲ್ಲಿ ಎರಡು ಪಾಲು ಬಹುಮತವು ಸಿಗುವಂತೆ ೬ನ್ನು ಮಾತ್ರ ತೆಗೆದುಕೊಂಡರು. ಆ ೬ರಲ್ಲಿಯೂ ಟಿರೋನ್ ಮತ್ತು ಫರ್ಮಾನಾ ಎಂಬೆರಡರಲ್ಲಿ ಕ್ಯಾಥೊಲಿಕರೇ ಹೆಚ್ಚಾಗಿದ್ದರು. ಅವರನ್ನು ಯಾರೂ ಕೇಳಲಿಲ್ಲ. ೧೯೨೧ನೆಯ ಮೇ ತಿಂಗಳಲ್ಲಿ ಉತ್ತರ ಐರ್ಲಂಡವು ಅಸ್ತಿತ್ವಕ್ಕೆ ಬಂದಿತು. ಅದೇ ವರ್ಷದ ದಶಂಬರದಲ್ಲಿ ಆದ ಒಪ್ಪಂದದ ಮೇರೆಗೆ ದಕ್ಷಿಣವು ‘ಐರಿಷ್ ಸ್ವತಂತ್ರ ರಾಜ್ಯ’ವಾಯಿತು. ಗಡಿಯನ್ನು ತಿದ್ದುವದಕ್ಕಾಗಿ ನ್ಯಾಯಮೂರ್ತಿ ಫೀದಮ್ ಅವರ ಅಧ್ಯಕ್ಷತೆಯಲ್ಲಿ ಕೂತ ಆಯೋಗದ ವರದಿಯು ೧೯೨೫ರಲ್ಲಿ ಪತ್ರಿಕೆಯೊಂದರಲ್ಲಿ ಸೋರಿಹೋಗಿ, ಮೂರೂ ಸರಕಾರಗಳು ಅದನ್ನು ಮುಚ್ಚಿಟ್ಟು, ಎಳೆದ ಗೆರೆಯೇ ಇರಲೆಂದು ಒಪ್ಪಿಕೊಂಡವು. ಆ ವರದಿಯು ಪ್ರಕಟವಾದುದು ೧೯೬೯ರಲ್ಲಿ!

೧೯೨೦ರ ಕಾಯದೆಯಲ್ಲಿ ಒಂದು ಮಾತು ಮಾತ್ರ ನೆನಪಿಡತಕ್ಕದ್ದು. ದ್ವೀಪವನ್ನು ಒಡೆದ ಕೈಯೇ ಎರಡೂ ಪಾರ್ಲಿಮೆಂಟುಗಳಿಂದ ತಲಾ ೨೦ ಸದಸ್ಯರಿರುವ ‘ಐರ್ಲಂಡದ ಪರಿಷತ್ತು’ ಒಂದನ್ನು ಬರೆದಿಟ್ಟಿದ್ದಿತು. ರೇಲ್ವೆ, ಮೀನುಗಾರಿಕೆ, ದನಕರುಗಳ ಅಂಟುರೋಗ ಇವು ಆ ಪರಿಷತ್ತಿನ ಪಾಲಿಗೆ ಬಂದ ವಿಷಯಗಳು. ಅಣ್ಣತಮ್ಮಂದಿರು ಪಾಲಾದರೂ ಹಿತ್ತಲ ಬಾವಿಯು ಒಂದೇ ಇರಲೆಂದು ಹಿರಿಯರು ಪಾಲುಪಟ್ಟಿಯಲ್ಲಿ ಬರೆಯಿಸುವಂತೆಯೇ ಇದು. ಆದರೆ ಪರಿಷತ್ತು ಒಂದು ದಿನವೂ ಕೂಡಲಿಲ್ಲ. ೧೯೨೫ರಲ್ಲಿ ಅದನ್ನೂ ಕೈಬಿಟ್ಟರು.

ಮುಂದಿನ ಅರ್ಧ ಶತಮಾನದಲ್ಲಿ ಎರಡೂ ಕಡೆಯವರು ತಪ್ಪಿದರು. ಉತ್ತರದಲ್ಲಿ ಒಂದೇ ಪಕ್ಷವು ೧೯೨೧ರಿಂದ ೧೯೭೨ರವರೆಗೆ ಅಧಿಕಾರವನ್ನು ಬಿಡಲಿಲ್ಲ. ಪ್ರಮಾಣಾನುಸಾರ ಪ್ರಾತಿನಿಧ್ಯವನ್ನು ಸ್ಥಳಿಕ ಚುನಾವಣೆಗಳಲ್ಲಿ ೧೯೨೨ರಲ್ಲಿಯೂ ಪಾರ್ಲಿಮೆಂಟಿಗೆ ೧೯೨೯ರಲ್ಲಿಯೂ ತೆಗೆದುಹಾಕಿದರು. ಡೆರಿ ಪಟ್ಟಣದಲ್ಲಿ ಕ್ಯಾಥೊಲಿಕರೇ ಬಹುಸಂಖ್ಯರಾಗಿದ್ದರೂ ವಾರ್ಡುಗಳನ್ನು ಕತ್ತರಿಸಿದ ಜಾಣತನದಿಂದ ನಗರಸಭೆಯು ಯೂನಿಯನಿಸ್ಟರ ಕೈಯಲ್ಲಿಯೇ ಉಳಿಯಿತು. ಬಹುಮತವೊಂದೇ ನ್ಯಾಯವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ದಕ್ಷಿಣದವರ ತಪ್ಪು ಬೇರೊಂದು ಬಗೆಯದು. ಡಿ ವೆಲೆರಾ ಅವರ ನೇತೃತ್ವದಲ್ಲಿ ರಚಿತವಾದ ೧೯೩೭ರ ರಾಜ್ಯಘಟನೆಯ ೨ನೆಯ ಕಲಮು, ರಾಷ್ಟ್ರದ ಭೂಪ್ರದೇಶವೆಂದರೆ ಇಡೀ ದ್ವೀಪವೆಂದು ಸಾರಿತು. ಒಡೆದ ಭಾಗವು ಮತ್ತೆ ಸೇರುವ ತನಕ ಮಾತ್ರ ತನ್ನ ಕಾನೂನು ೨೬ ಕೌಂಟಿಗಳಿಗೆ ಅನ್ವಯಿಸುವದೆಂದು ೩ನೆಯ ಕಲಮು ಹೇಳಿತು. ವಕೀಲಿಯ ವೃತ್ತಿಯಲ್ಲಿ ದಿನ ಕಳೆಯುವ ನಮಗೆ ಇಂಥ ದಾವೆಗಳು ಹೊಸತಲ್ಲ. ಹಕ್ಕುಪತ್ರದಲ್ಲಿ ತನ್ನ ಹೆಸರಿದೆಯೆಂದು ಒಬ್ಬನು ಅನ್ನುತ್ತಾನೆ. ಹೊಲದ ಕಬ್ಜೆಯು ಇನ್ನೊಬ್ಬನದು. ಮೊದಲನೆಯವನು ವರುಷಕ್ಕೊಮ್ಮೆ ನೋಟೀಸು ಕಳಿಸುತ್ತ ಹೋಗುತ್ತಾನೆ. ಒಂದು ಗುಂಟೆಯೂ ಅವನ ಕೈಗೆ ಬರುವದಿಲ್ಲ. ಎರಡನೆಯವನು ಮಾತ್ರ ಪ್ರತಿ ನೋಟೀಸಿಗೂ ಬೇಲಿಗೆ ಇನ್ನೊಂದು ಸಾಲು ಮುಳ್ಳು ಹಚ್ಚುತ್ತಾನೆ. ಐರ್ಲಂಡದಲ್ಲಿ ಆದದ್ದೂ ಇಷ್ಟೇ. ದಕ್ಷಿಣವು ೧೯೪೯ರಲ್ಲಿ ಗಣರಾಜ್ಯವಾದೊಡನೆ, ಉತ್ತರದ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಆ ಭಾಗವನ್ನು ಬಿಟ್ಟುಕೊಡುವದಿಲ್ಲವೆಂದು ಬ್ರಿಟನ್ನು ಕಾಯದೆಯನ್ನೇ ಮಾಡಿತು.

ಆದರೆ ರಾಜಕಾರಣಿಗಳು ಮಾತಾಡದಿದ್ದ ಕಾಲದಲ್ಲಿಯೂ ನದಿಗಳು ಹರಿಯುತ್ತಿದ್ದವು. ಅರ್ನ್ ಎಂಬ ನದಿಯ ದೊಡ್ಡ ಸರೋವರಗಳು ಉತ್ತರದ ಫರ್ಮಾನಾದಲ್ಲಿವೆ. ಅದು ಧುಮುಕಿ ಸಮುದ್ರ ಸೇರುವದು ದಕ್ಷಿಣದ ಡೊನೆಗಾಲದಲ್ಲಿ. ಉತ್ತರದ ರೈತನಿಗೆ ನೆರೆಯಿಂದ ಬಿಡುಗಡೆ ಬೇಕಾಗಿದ್ದಿತು. ದಕ್ಷಿಣದ ವಿದ್ಯುತ್ ಮಂಡಲಿಗೆ ಬ್ಯಾಲಿಶ್ಯಾನನ್ ಬಳಿಯಲ್ಲಿ ನೀರಿನ ಬಲವು ಬೇಕಾಗಿದ್ದಿತು. ೧೯೫೦ರಲ್ಲಿ ಎರಡೂ ಕಡೆಯ ಪಾರ್ಲಿಮೆಂಟುಗಳು ಕಾಯದೆ ಮಾಡಿ ಈ ಕೆಲಸವನ್ನು ಕೂಡಿ ಪೂರೈಸಲು ಒಪ್ಪಿದವು. ಡೆರಿಯ ಬಳಿಯ ಫಾಯಿಲ್ ಎಂಬ ಸಮುದ್ರದ ಹಿನ್ನೀರಿನಲ್ಲಿ ಸಾಲ್ಮನ್ ಮೀನು ಯಾರದೆಂಬ ಜಗಳವು ಕಳ್ಳಬೇಟೆಗೆ ದಾರಿ ಮಾಡಿಕೊಟ್ಟಿದ್ದಿತು. ೧೯೫೨ರಲ್ಲಿ ಎರಡೂ ಪಾರ್ಲಿಮೆಂಟುಗಳು ಸರಿಸಮನಾದ ಕಾಯದೆಗಳನ್ನು ಮಾಡಿ ಫಾಯಿಲ್ ಮೀನುಗಾರಿಕೆಯ ಆಯೋಗವನ್ನು ನಿರ್ಮಿಸಿದವು. ನೀರಿನಲ್ಲಿ ಗಡಿಯ ಗೆರೆಯು ಎಲ್ಲಿದೆಯೆಂಬ ಪ್ರಶ್ನೆಯನ್ನು ಬಿಡಿಸದೆಯೇ ಮೀನನ್ನು ಕಾಯುವ ಉಪಾಯವನ್ನು ಕಂಡುಹಿಡಿದರು. ೧೯೫೩ರಲ್ಲಿ ನಷ್ಟದಲ್ಲಿದ್ದ ಗ್ರೇಟ್ ನಾರ್ದರ್ನ್ ರೇಲ್ವೆಯನ್ನು ಎರಡೂ ಸರಕಾರಗಳು ಜಂಟಿಯಾಗಿ ವಹಿಸಿಕೊಂಡವು.

ಸಭಿಕರು ಲಕ್ಷ್ಯವಿಟ್ಟು ನೋಡಬೇಕು: ರೇಲ್ವೆ ಮತ್ತು ಮೀನುಗಾರಿಕೆ, ೧೯೨೦ರ ಪರಿಷತ್ತಿಗೆ ಬರೆದಿಟ್ಟ ವಿಷಯಗಳೇ ಇವು. ಲಂಡನ್ನಿನ ಕಾಯದೆಯಿಂದ ಆಗದೆಹೋದುದು ಮೂವತ್ತು ವರುಷಗಳ ಮೇಲೆ ಅಗತ್ಯದಿಂದ ಆಯಿತು. ಆದರೂ ಇದನ್ನು ಹೆಚ್ಚು ಹೊಗಳಲಾಗದು. ೧೯೫೭ರಲ್ಲಿ ಉತ್ತರದ ಸರಕಾರವು ಗಡಿ ದಾಟುವ ಹಲವು ರೇಲ್ವೆ ಮಾರ್ಗಗಳನ್ನು ಮುಚ್ಚಿಸಿತು. ೧೯೫೮ರಲ್ಲಿ ಜಂಟಿ ಮಂಡಲಿಯೇ ಮುರಿಯಿತು. ಹಿಂದೆ ರಾಜ್ಯಘಟನೆಯ ಆಧಾರವಿಲ್ಲದ ಸಹಕಾರವು ಮಂತ್ರಿಗಳ ಮನಸ್ಸಿನ ಮೇಲೆ ನಿಂತಿರುತ್ತದೆ. ಮನಸ್ಸು ತಿರುಗಿದ ದಿನ ಕಂಬಿಗಳನ್ನೂ ಕೀಳುತ್ತಾರೆ.

೧೯೬೫ರ ಜನವರಿಯಲ್ಲಿ ದಕ್ಷಿಣದ ಪ್ರಧಾನ ಲೆಮಾಸ್ ಅವರು ಉತ್ತರದ ಪ್ರಧಾನ ಓ’ನೀಲ್ ಅವರನ್ನು ಬೆಲ್ಫಾಸ್ಟಿನಲ್ಲಿ ಭೆಟ್ಟಿಯಾದರು. ಒಂದೇ ದ್ವೀಪದ ಇಬ್ಬರು ಪ್ರಧಾನರ ಭೆಟ್ಟಿಯೇ ದೊಡ್ಡ ಸುದ್ದಿಯಾಗುವಷ್ಟು ಅಂತರವು ಬೆಳೆದಿದ್ದಿತು. ಉತ್ತರದ ಅಲ್ಪಸಂಖ್ಯರು ಸಮಾನ ಹಕ್ಕನ್ನು ಕೇಳಿ ೧೯೬೮ನೆಯ ಅಕ್ಟೋಬರ ೫ರಂದು ಡೆರಿಯಲ್ಲಿ ಹೊರಡಿಸಿದ ಮೆರವಣಿಗೆಯ ಮೇಲೆ ಪೋಲೀಸರ ಲಾಠಿ ಬಿದ್ದಿತು. ೧೯೭೨ನೆಯ ಜನವರಿ ೩೦ರಂದು ಅದೇ ಪಟ್ಟಣದಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಅಂದೇ ೧೩ ಜನ ಬಲಿಯಾದರು. ಒಂದು ಕಡೆಯಲ್ಲಿ ಗಣರಾಜ್ಯವಾದಿಗಳ ಗುಪ್ತ ಸೈನ್ಯ, ಇನ್ನೊಂದು ಕಡೆಯಲ್ಲಿ ಯೂನಿಯನಿಸ್ಟರ ಆಯುಧಧಾರಿ ತಂಡಗಳು, ನಡುವೆ ಸರಕಾರದ ಪಡೆಗಳು. ಮೂವತ್ತು ವರುಷಗಳಲ್ಲಿ ೩,೫೦೦ಕ್ಕೂ ಹೆಚ್ಚು ಜನರು ಸತ್ತರು. ಬಾಂಬಿನಿಂದ ಗಡಿಯನ್ನು ಅಳಿಸುತ್ತೇವೆಂದವರು ಗಡಿಯ ಮೇಲೆ ಕಾವಲು ಬುರುಜುಗಳು ಏಳುವದಕ್ಕೆ ಕಾರಣರಾದರು.

ನಡುವೆ ಎರಡು ಪ್ರಯೋಗಗಳಾದವು. ೧೯೭೩ನೆಯ ಮಾರ್ಚಿನಲ್ಲಿ ಗಡಿಯು ಇರಬೇಕೇ ಬೇಡವೇ ಎಂದು ಉತ್ತರದಲ್ಲಿ ಮತದಾನವಾಯಿತು. ಬಿದ್ದ ಮತಗಳಲ್ಲಿ ಶೇಕಡಾ ೯೮.೯ ಬ್ರಿಟನ್ನಿನ ಪರವಾಗಿದ್ದವು. ಐಕ್ಯವಾದಿಗಳು ಬಹಿಷ್ಕಾರ ಹಾಕಿದ್ದರು. ಒಂದು ಪಕ್ಷವೇ ಬಾರದ ಪಂಚಾಯತಿಯ ತೀರ್ಪು ಅದು, ಯಾರನ್ನೂ ಸಮಾಧಾನಪಡಿಸಲಿಲ್ಲ. ಅದೇ ವರ್ಷದ ದಶಂಬರದಲ್ಲಿ ಸನಿಂಗ್‌ಡೇಲ್ ಒಪ್ಪಂದದಿಂದ ಎರಡೂ ಸಮಾಜಗಳು ಕೂಡಿ ಆಳುವ ಮಂತ್ರಿಮಂಡಲವೂ, ಮತ್ತೊಮ್ಮೆ ‘ಐರ್ಲಂಡದ ಪರಿಷತ್ತು’ ಹುಟ್ಟಬೇಕೆಂದಾಯಿತು. ಪರಿಷತ್ತೆಂದರೆ ಐಕ್ಯದ ಹಿಂಬಾಗಿಲೆಂದು ಯೂನಿಯನಿಸ್ಟ ಕಾರ್ಮಿಕರು ೧೯೭೪ರ ಮೇ ತಿಂಗಳಲ್ಲಿ ಮುಷ್ಕರ ಹೂಡಿ ವಿದ್ಯುತ್ತನ್ನೇ ನಿಲ್ಲಿಸತೊಡಗಿದರು. ಎರಡು ವಾರಗಳಲ್ಲಿ ಮಂತ್ರಿಮಂಡಲವು ಬಿದ್ದಿತು. ಅವರ ಭಯಕ್ಕೆ ಆಧಾರವಿರಲಿಲ್ಲವೆನ್ನುವಂತಿಲ್ಲ. ನೆರೆಯ ರಾಜ್ಯದ ಮೂಲ ಶಾಸನದಲ್ಲಿಯೇ ನಿಮ್ಮ ಮನೆಯು ನಮ್ಮದೆಂದು ಬರೆದಿರುವಾಗ, ಆ ನೆರೆಯವನು ಸ್ನೇಹದ ಕೈಚಾಚಿದರೂ ಅದು ಹಿಡಿಯುವ ಕೈಯಾಗಿಯೇ ಕಾಣುತ್ತದೆ. ೧೯೯೦ರಲ್ಲಿ ದಕ್ಷಿಣದ ಶ್ರೇಷ್ಠ ನ್ಯಾಯಾಲಯವು, ಆ ಕಲಮುಗಳು ಬರಿಯ ಆಶೆಯಲ್ಲ, ಕಾನೂನಿನ ಹಕ್ಕಿನ ಪ್ರತಿಪಾದನೆಯೆಂದು ತೀರ್ಪು ಕೊಟ್ಟು ಆ ಭಯಕ್ಕೆ ಮುದ್ರೆಯೊತ್ತಿತು.

ಹೀಗೆ ಕಗ್ಗಂಟಾದುದನ್ನು ಬಿಡಿಸಿದುದು ೧೯೯೮ನೆಯ ಏಪ್ರಿಲ ೧೦, ಗುಡ್ ಫ್ರಾಯಡೇ ದಿನ ಬೆಲ್ಫಾಸ್ಟಿನಲ್ಲಿ ಆದ ಒಪ್ಪಂದವು. ಅಮೇರಿಕದ ಜಾರ್ಜ ಮಿಚೆಲ್ ಅವರು ಸಂಧಾನದ ಅಧ್ಯಕ್ಷರಾಗಿದ್ದರು. ಐಕ್ಯವಾದಿ ಜಾನ್ ಹ್ಯೂಮ್, ಯೂನಿಯನಿಸ್ಟ ಡೇವಿಡ್ ಟ್ರಿಂಬಲ್ ಇಬ್ಬರಿಗೂ ಆ ವರ್ಷದ ನೋಬೆಲ್ ಶಾಂತಿ ಪಾರಿತೋಷಕವು ಕೂಡಿಯೇ ದೊರೆಯಿತು. ಒಪ್ಪಂದದ ತಿರುಳನ್ನು ಕಾನೂನಿನ ದೃಷ್ಟಿಯಿಂದ ನೋಡಿದರೆ ಅದು ಪರಸ್ಪರ ಬಿಟ್ಟುಕೊಟ್ಟ ಎರಡು ಹಕ್ಕುಗಳ ಕರಾರು. ಬ್ರಿಟನ್ನು ೧೯೨೦ರ ಕಾಯದೆಯನ್ನು ರದ್ದುಪಡಿಸಿ, ಉತ್ತರದ ಬಹುಜನರು ಬಯಸಿದರೆ ದ್ವೀಪದ ಐಕ್ಯಕ್ಕೆ ಬೇಕಾದ ಶಾಸನವನ್ನು ತರುವೆನೆಂದು ಕಟ್ಟುಬಿದ್ದಿತು. ದಕ್ಷಿಣವು ತನ್ನ ೨ನೆಯ ಮತ್ತು ೩ನೆಯ ಕಲಮುಗಳನ್ನು ಹೊಸತಾಗಿ ಬರೆಯಲು ಒಪ್ಪಿತು.

ಹೊಸ ಕಲಮುಗಳಲ್ಲಿ ಏನಿದೆಯೆಂಬುದನ್ನು ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳಬೇಕು. ಹಳೆಯದು ನೆಲದ ಮಾತನ್ನಾಡುತ್ತಿದ್ದಿತು. ಹೊಸದು ಜನರ ಮಾತನ್ನಾಡುತ್ತದೆ. ದ್ವೀಪವು ನಮ್ಮದೆನ್ನುವದನ್ನು ಬಿಟ್ಟು, ದ್ವೀಪದಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ರಾಷ್ಟ್ರದಲ್ಲಿ ಸೇರುವ ಜನ್ಮಸಿದ್ಧ ಹಕ್ಕಿದೆಯೆಂದಿತು. ಐಕ್ಯದ ಇಚ್ಛೆಯನ್ನು ಮುಚ್ಚಿಡಲಿಲ್ಲ. ಆದರೆ ಅದು ಬರತಕ್ಕದ್ದು ಶಾಂತಿಮಾರ್ಗದಿಂದಲೇ, ಎರಡೂ ಕಡೆಯ ಬಹುಜನರ ಸಮ್ಮತಿಯಿಂದಲೇ ಎಂದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ಉತ್ತರದಲ್ಲಿ ಹುಟ್ಟಿದವನು ತಾನು ಐರಿಷನೆಂದೋ, ಬ್ರಿಟಿಷನೆಂದೋ, ಎರಡೂ ಎಂದೋ ಹೇಳಿಕೊಳ್ಳಬಹುದೆಂದು ಒಪ್ಪಂದವು ಒಪ್ಪಿಕೊಂಡಿತು.

೧೯೯೮ನೆಯ ಮೇ ೨೨ರಂದು ಎರಡೂ ಕಡೆಯಲ್ಲಿ ಒಂದೇ ದಿನ ಮತದಾನವಾಯಿತು. ೧೯೧೮ರ ಚುನಾವಣೆಯ ತರುವಾಯ ಇಡೀ ದ್ವೀಪವು ತನ್ನ ಭವಿಷ್ಯದ ಬಗ್ಗೆ ಒಂದೇ ದಿನ ಮತ ಕೊಟ್ಟುದು ಅದೇ ಮೊದಲು. ಉತ್ತರದಲ್ಲಿ ಶೇಕಡಾ ೭೧.೧, ದಕ್ಷಿಣದಲ್ಲಿ ಶೇಕಡಾ ೯೪.೪ ಜನರು ಒಪ್ಪಂದಕ್ಕೆ ಹೂಂಗುಟ್ಟಿದರು. ಅರುವತ್ತು ವರುಷ ಕಾಗದದ ಮೇಲೆ ಇಟ್ಟುಕೊಂಡಿದ್ದ ಹಕ್ಕನ್ನು ದಕ್ಷಿಣದ ಮತದಾರನು ತಾನಾಗಿ ಬಿಟ್ಟುಕೊಟ್ಟನು. ಪ್ರತಿಯಾಗಿ ಅವನಿಗೆ ಸಿಕ್ಕಿದ್ದು ಉತ್ತರದ ಬಾಗಿಲಲ್ಲಿ ಗೌರವದಿಂದ ನಿಲ್ಲುವ ಅಧಿಕಾರ.

ಆ ಅಧಿಕಾರದ ರೂಪವೇ ೧೯೯೯ನೆಯ ದಶಂಬರದಲ್ಲಿ ಕೆಲಸಕ್ಕೆ ತೊಡಗಿದ ಉತ್ತರ-ದಕ್ಷಿಣ ಮಂತ್ರಿಪರಿಷತ್ತು. ಅದರ ಕಚೇರಿಯು ಅರ್ಮಾ ಪಟ್ಟಣದಲ್ಲಿದೆ. ಅದರ ಕೆಳಗೆ ೬ ಸಂಸ್ಥೆಗಳು: ಒಳನಾಡಿನ ಜಲಮಾರ್ಗ, ಆಹಾರದ ಸುರಕ್ಷಿತತೆ, ವ್ಯಾಪಾರ, ಯುರೋಪಿನ ನೆರವಿನ ವಿನಿಯೋಗ, ಭಾಷೆ, ಹಾಗೂ ಫಾಯಿಲ್ ಮತ್ತು ಕಾರ್ಲಿಂಗ್‌ಫರ್ಡ ಹಿನ್ನೀರುಗಳು. ೧೯೫೨ರ ಮೀನಿನ ಆಯೋಗವು ಇಲ್ಲಿ ಹೊಸ ಜನ್ಮವನ್ನು ಪಡೆಯಿತು. ಪ್ರಾಣಿಗಳ ಆರೋಗ್ಯವೂ ಸಹಕಾರದ ವಿಷಯಗಳ ಪಟ್ಟಿಯಲ್ಲಿ ಸೇರಿತು. ಭಾಷೆಯ ಸಂಸ್ಥೆಯಲ್ಲಿ ಐರಿಷ್ ಭಾಷೆಗೂ ಅಲ್ಸ್ಟರ-ಸ್ಕಾಟ್ಸ್ ನುಡಿಗೂ ಒಂದೇ ಸೂರಿನಡಿಯಲ್ಲಿ ಎರಡು ಶಾಖೆಗಳಿರುವದು ನಾವು ಕನ್ನಡಿಗರು ಗಮನಿಸತಕ್ಕ ಅಂಶವು.

ಮೀನು, ಕಾಲುವೆ, ದನದ ರೋಗ ಎಂದು ಕೇಳಿ ಕೆಲವರು ನಗಬಹುದು. ಅವರಿಗೆ ನಾವು ಆಸ್ಪತ್ರೆಯನ್ನು ತೋರಿಸುತ್ತೇವೆ. ೨೦೧೬ರಲ್ಲಿ ಡೆರಿಯ ಆಲ್ಟ್‌ನಗೆಲ್ವಿನ್ ಆಸ್ಪತ್ರೆಯಲ್ಲಿ ತೆರೆದ ಕ್ಯಾನ್ಸರ ಚಿಕಿತ್ಸಾ ಕೇಂದ್ರವು ಗಡಿಯಾಚೆಯ ಡೊನೆಗಾಲದ ರೋಗಿಗಳಿಗೂ ಕಿರಣ ಚಿಕಿತ್ಸೆಯನ್ನು ಕೊಡುತ್ತದೆ; ಅವರು ದೂರದ ಡಬ್ಲಿನ್ನಿಗೆ ಅಲೆಯಬೇಕಾಗಿಲ್ಲ. ಪ್ರತಿಯಾಗಿ ಉತ್ತರದ ಎಳೆಯ ಮಕ್ಕಳಿಗೆ ಹೃದಯದ ಶಸ್ತ್ರಕ್ರಿಯೆಯು ಡಬ್ಲಿನ್ನಿನಲ್ಲಿ ಆಗುತ್ತದೆ. ೨೦೦೭ನೆಯ ನವೆಂಬರದಿಂದ ಇಡೀ ದ್ವೀಪಕ್ಕೆ ವಿದ್ಯುತ್ತಿನ ಪೇಟೆಯು ಒಂದೇ. ೧೯೭೪ರಲ್ಲಿ ಗಡಿಯಾಚೆಯ ಕೈಯನ್ನು ತಡೆಯಲು ವಿದ್ಯುತ್ತನ್ನು ನಿಲ್ಲಿಸಿದ ಅದೇ ನಾಡಿನಲ್ಲಿ ಇದು ಆಯಿತು. ಗಡಿಯ ಬುರುಜುಗಳು ಕೆಳಗಿಳಿದವು.

ಈ ಚಿತ್ರಕ್ಕೆ ನೆರಳೂ ಇದೆ. ಉತ್ತರದ ಸಭೆಯಲ್ಲಿ ಪ್ರಥಮ ಮಂತ್ರಿಯೂ ಉಪ ಪ್ರಥಮ ಮಂತ್ರಿಯೂ ಸಮಾನಾಧಿಕಾರಿಗಳು. ಒಬ್ಬರು ಎದ್ದುಹೋದರೆ ಇನ್ನೊಬ್ಬರೂ ಕೂಡ್ರುವಂತಿಲ್ಲ. ಇದರಿಂದ ೨೦೧೭ರಿಂದ ೨೦೨೦ರವರೆಗೂ, ಮತ್ತೆ ೨೦೨೨ರಿಂದ ೨೦೨೪ರ ಫೆಬ್ರವರಿಯವರೆಗೂ ಆಡಳಿತವು ಸ್ಥಗಿತವಾಯಿತು. ಅದರೊಡನೆ ಮಂತ್ರಿಪರಿಷತ್ತಿನ ಸಭೆಗಳೂ ನಿಂತವು. ೨೦೧೬ರಲ್ಲಿ ಬ್ರಿಟನ್ನು ಯುರೋಪಿಯನ್ ಸಂಘವನ್ನು ಬಿಡಲು ಮತ ಕೊಟ್ಟಾಗ ಉತ್ತರದಲ್ಲಿ ಶೇಕಡಾ ೫೫.೮ ಜನರು ಉಳಿಯಬೇಕೆಂದಿದ್ದರು. ಬಿಟ್ಟರೆ ಆ ೫೦೦ ಕಿಲೊಮೀಟರಿನ ಗಡಿಯ ಮೇಲೆ ಸುಂಕದ ನಾಕೆಗಳು ಮತ್ತೆ ಏಳಬೇಕಾಗುತ್ತಿದ್ದಿತು. ಅದನ್ನು ತಪ್ಪಿಸುವದಕ್ಕಾಗಿ ಬ್ರಿಟನ್ನಿನಿಂದ ಉತ್ತರಕ್ಕೆ ಬರುವ ಸರಕನ್ನು ಬಂದರಿನಲ್ಲಿ ತಪಾಸಣೆ ಮಾಡುವ ಏರ್ಪಾಡಾಯಿತು. ತಮ್ಮನ್ನು ಕೇಳದೆ ಸಮುದ್ರದಲ್ಲಿ ಗೆರೆಯೆಳೆದರೆಂದು ಈಗ ಯೂನಿಯನಿಸ್ಟರು ಗೋಳಿಟ್ಟರು. ೨೦೨೩ರ ವಿಂಡ್ಸರ ಒಡಂಬಡಿಕೆಯು ಆ ತಪಾಸಣೆಯನ್ನು ಸಡಿಲಿಸಿತು. ೧೯೨೦ರಲ್ಲಿ ಟಿರೋನಿನ ಕ್ಯಾಥೊಲಿಕನು ಆಡಿದ್ದ ಮಾತನ್ನೇ ನೂರು ವರುಷಗಳ ಮೇಲೆ ಆಂಟ್ರಿಮಿನ ಪ್ರೊಟೆಸ್ಟಂಟನು ಆಡಿದನು. ಸಮ್ಮತಿಯ ಸೂತ್ರವು ಇಬ್ಬರಿಗೂ ಬೇಕಾದುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಯಾಕೆ?

ಆದರೂ ಒಂದು ಆಕ್ಷೇಪವು ಉಳಿಯುತ್ತದೆ. ಅನ್ಯಾಯವಾಗಿ ಎಳೆದ ಗೆರೆಯೊಳಗಿನ ಬಹುಮತಕ್ಕೆ ಸಮ್ಮತಿಯ ಕೀಲಿಕೈಯನ್ನು ಕೊಟ್ಟರೆ ಆ ಅನ್ಯಾಯವೇ ಖಾಯಂ ಆಗಲಿಲ್ಲವೇ? ಗೆರೆಯು ಅನ್ಯಾಯದ್ದೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಗೆರೆಯೊಳಗೆ ನಾಲ್ಕಾರು ತಲೆಮಾರುಗಳಿಂದ ಬಾಳಿದವರು ಗೆರೆಯಲ್ಲ, ಮನುಷ್ಯರು. ಅವರನ್ನು ಬಲದಿಂದ ಒಳಗೆ ತಂದರೆ ಉತ್ತರದಲ್ಲಿ ಐರಿಷ್ ಅಲ್ಪಸಂಖ್ಯರು ಪಟ್ಟ ಪಾಡನ್ನೇ ಐಕ್ಯ ಐರ್ಲಂಡದಲ್ಲಿ ಬ್ರಿಟಿಷ್ ಅಲ್ಪಸಂಖ್ಯರು ಪಡುವರು. ಹಾಗೂ ಈ ಕೀಲಿಕೈಯು ಒಂದೇ ಕಡೆಗೆ ತಿರುಗುವದಲ್ಲ. ೨೦೨೧ರ ಜನಗಣತಿಯಲ್ಲಿ ಉತ್ತರದಲ್ಲಿ ಕ್ಯಾಥೊಲಿಕ ಮನೆತನದವರು ಶೇಕಡಾ ೪೫.೭, ಪ್ರೊಟೆಸ್ಟಂಟ ಹಾಗೂ ಇತರ ಕ್ರೈಸ್ತ ಮನೆತನದವರು ಶೇಕಡಾ ೪೩.೫ ಎಂದು ಕಂಡುಬಂದಿತು. ೨೦೨೪ರಲ್ಲಿ ಮಿಶೆಲ್ ಓ’ನೀಲ್ ಅವರು ಐಕ್ಯವಾದಿಗಳಲ್ಲಿ ಮೊದಲ ಪ್ರಥಮ ಮಂತ್ರಿಯಾದರು. ಬಹುಮತವನ್ನು ಗಟ್ಟಿಮಾಡಿಕೊಳ್ಳಲು ಕತ್ತರಿಸಿದ ಆರು ಕೌಂಟಿಗಳಲ್ಲಿಯೇ ಇದು ಆಯಿತು. ಹಾಗೆಂದು ಮತವು ಮತಕ್ಕೆ ಕಟ್ಟುಬಿದ್ದಿದೆಯೆಂದು ಎಣಿಸಬಾರದು. ಕ್ಯಾಥೊಲಿಕನೆಂದ ಮಾತ್ರಕ್ಕೆ ಐಕ್ಯವಾದಿಯಲ್ಲ. ಅವನನ್ನೂ ಕೇಳಬೇಕು.

ಇದನ್ನರಿತೇ ಡಬ್ಲಿನ್ನಿನ ಸರಕಾರವು ೨೦೨೦ರಲ್ಲಿ ‘ಹಂಚಿಕೊಂಡ ದ್ವೀಪ’ವೆಂಬ ಹೆಸರಿನ ವಿಭಾಗವನ್ನು ತೆರೆದು ಗಡಿಯಾಚೆಯ ಕೆಲಸಗಳಿಗೆ ಹಣ ತೆಗೆದಿಟ್ಟಿತು. ಕಾರ್ಲಿಂಗ್‌ಫರ್ಡ ಹಿನ್ನೀರಿನ ಮೇಲೆ ಎರಡು ರಾಜ್ಯಗಳ ದಡಗಳನ್ನು ಕೂಡಿಸುವ ನ್ಯಾರೊ ವಾಟರ ಸೇತುವೆಯ ಕೆಲಸವು ೨೦೨೪ರಲ್ಲಿ ಆರಂಭವಾಯಿತು.

ಇನ್ನು ನಮ್ಮ ಮಾತು. ಕರ್ನಾಟಕದ ಏಕೀಕರಣಕ್ಕೂ ಐರ್ಲಂಡಕ್ಕೂ ಇರುವ ಅಂತರವನ್ನು ಮರೆಯಬಾರದು. ಇಲ್ಲಿ ಒಂದೇ ದೇಶದೊಳಗಿನ ಪ್ರಾಂತಗಳ ಗಡಿಯು ಬದಲಾಯಿತು. ಅಲ್ಲಿ ಇರುವದು ಎರಡು ರಾಜ್ಯಗಳ ಗಡಿ. ಆದರೆ ೧೯೫೬ರ ತರುವಾಯವೂ ಕಾಸರಗೋಡಿನಲ್ಲಿ ಕನ್ನಡಿಗರು ಗೆರೆಯಾಚೆ ಉಳಿದರು; ಬೆಳಗಾವಿಯಲ್ಲಿ ಮರಾಠಿಗರು ಗೆರೆಯೀಚೆ ಉಳಿದರು. ೧೯೬೭ರ ಮಹಾಜನ ವರದಿಯೂ ಆ ವಾದವನ್ನು ಮುಗಿಸಲಿಲ್ಲ. ನಮ್ಮ ಪತ್ರಿಕೆಗಳೂ ಸಭೆಗಳೂ ಆಚೆಯ ಕನ್ನಡ ಶಾಲೆಗಾಗಿ ಕೂಗುವಾಗ, ಈಚೆಯ ಮರಾಠಿ ಶಾಲೆಯ ಮಾಸ್ತರನಿಗೆ ನಮ್ಮ ನಡತೆಯಿಂದ ಏನು ಕಾಣುತ್ತಿದೆಯೆಂಬುದನ್ನೂ ಕೇಳಿಕೊಳ್ಳಬೇಕು. ೧೯೫೩ರ ಆಂಧ್ರ ರಾಜ್ಯ ಕಾಯದೆಯ ಮೇರೆಗೆ ಹುಟ್ಟಿದ ತುಂಗಭದ್ರಾ ಮಂಡಲಿಯು ಬೇರೆ ಬೇರೆ ರಾಜ್ಯಗಳ ಹೊಲಗಳಿಗೆ ಒಂದೇ ಅಣೆಕಟ್ಟಿನ ನೀರನ್ನು ಲೆಕ್ಕ ಹಾಕಿ ಬಿಡುತ್ತದೆ. ಇಂಥ ಸಂಸ್ಥೆಗಳ ಹೆಸರು ಮೆರವಣಿಗೆಯ ಘೋಷಣೆಗಳಲ್ಲಿ ಬರುವದಿಲ್ಲ. ಆದರೆ ನೆರೆಹೊರೆಯು ಉಳಿಯುವದು ಅವುಗಳಿಂದಲೇ.

ನಾಡಿನ ಐಕ್ಯವನ್ನು ಬಯಸುವದು ಧರ್ಮವೇ ಸರಿ. ಆ ಬಯಕೆಯನ್ನು ಐರಿಷ್ ಜನರು ೧೯೯೮ರಲ್ಲಿಯೂ ಬಿಡಲಿಲ್ಲ. ಅದನ್ನು ಕೇಳುವ ರೀತಿಯನ್ನು ಬದಲಿಸಿದರು. ಗಡಿಯ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಮತ್ತೆ ಬಂದಾಗ ನೆಲದ ನಕ್ಷೆಯನ್ನು ಬಿಚ್ಚುವ ಮೊದಲು, ಆ ನೆಲದ ಮೇಲೆ ಇರುವವರನ್ನು ಕೇಳಿದ್ದೇವೆಯೇ ಎಂದು ವಿಚಾರಿಸೋಣ.